ಹಸಿಗೋಡೆ ಮತ್ತು ತಂದೆಯವರ ಓಲೆಕಟ್ಟು

ಶ್ರಾದ್ಧದ ದಿನ ಪಿತೃಗಳನ್ನು ಆಹ್ವಾನಿಸಿ ಪಿಂಡವಿಡುವವನೇ ನಾನು. ಆದರೂ ಅವರು ಕರೆಯದೆ ಬಂದು ಹೋಗುತ್ತಾರೆಂದು ಯಾರಾದರೂ ಹೇಳಿದರೆ ಗದರಿಸಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಹಾಗೆ ಗದರಿಸಲಾರೆ.

ಮಹಾರಾಜರ ಆಳ್ವಿಕೆಯ ಕಾಲ. ಚನ್ನರಾಯನದುರ್ಗದ ನಮ್ಮ ಮನೆಯ ದೇವರಕೋಣೆಯ ಗೋಡೆ ಮಳೆಗೆ ಕುಸಿದಿತ್ತು. ಊರಿನ ಗಾರೆಕೆಲಸದ ಹನುಮಂತಪ್ಪ ಅದನ್ನು ಹೊಸದಾಗಿ ಕಟ್ಟಿ ಸುಣ್ಣದ ಗಾರೆ ಬಳಿದ. ಗಾರೆ ಒಣಗುವ ಮೊದಲೇ ಒಳ್ಳೆಯ ಮುಹೂರ್ತವೆಂದು ದೇವರನ್ನೂ ತಂದೆಯವರ ತಾಳೆಯೋಲೆಗಳ ಕಟ್ಟನ್ನೂ ಒಳಗಿಟ್ಟೆ. ಶಿವಪೂಜಾವಿಧಿಗೆ ಅವರೇ ಬರೆದ ವ್ಯಾಖ್ಯಾನವದು, ಬೇರೆ ಪ್ರತಿಯಿಲ್ಲ. ಅಂಗಳದಲ್ಲಿ ಕೆಲಸ ಇನ್ನೂ ಸಾಗಿದ್ದುದರಿಂದ, ಆಳುಗಳ ಕಣ್ಣು ಪೂಜೆಯ ಮೇಲೆ ಬೀಳಬಾರದೆಂದು ಕಿಟಕಿಗೆ ಒಳಗಿನಿಂದ ಅಗಣಿ ಹಾಕಿದೆ.

"ಗೋಡೆ ಇನ್ನೂ ಹಸಿ ಸ್ವಾಮೇರಾ. ಕಿಟಕಿ ಮುಚ್ಬುಟ್ರೆ ಬೆವರ್ತದೆ. ನಿಮ್ ದೇವ್ರಿಗೂ ಸೆಕೆ ಆಗಾಕಿಲ್ವಾ?" ಎಂದು ಹನುಮಂತಪ್ಪ ನಕ್ಕ.

ಮಡಿಯ ವಿಚಾರ ನಿನ್ನಿಂದ ಕಲಿಯಬೇಕಾಗಿಲ್ಲವೆಂದು ಸಿಡುಕಿದೆ.

ವಾರದೊಳಗೆ ಗೋಡೆಯಿಂದ ನೀರಿಳಿಯಿತು. ಓಲೆಗಳ ಮೇಲೆ ಬಿಳಿಯ ಬೂಷ್ಟು ಕಂಡಾಗ ನನ್ನ ಮೈ ಉರಿದುಹೋಯಿತು. ಗಾರೆಗೆ ನೀರು ಹೆಚ್ಚಾಯಿತೆಂದು ಹನುಮಂತಪ್ಪನನ್ನು ಬಾಯಿಗೆ ಬಂದಂತೆ ಬೈದು ಓಡಿಸಿದೆ. ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೇರೆ ಕೆಲಸದವನನ್ನು ಹುಡುಕಲು ಕೊರಟಗೆರೆಗೆ ಹೋದೆ.

ಸಂಜೆ ಹಿಂತಿರುಗಿ ಬಾಗಿಲು ತೆರೆದರೆ, ನಾನೇ ಒಳಗಿನಿಂದ ಅಗಣಿ ಹಾಕಿದ್ದ ಕಿಟಕಿ ತೆರೆದಿತ್ತು. ಅದರ ಕೆಳಗೆ ಹಲಗೆಯ ಮೇಲೆ ಓಲೆಗಳು ಸಾಲಾಗಿ ಹರಡಿದ್ದವು. ಬೂಷ್ಟನ್ನು ಯಾರೋ ಒರೆಸಿದ್ದರು. ಹುಳು ಹಿಡಿಯದಂತೆ ತಂದೆಯವರು ಓಲೆಗಳಿಗೆ ಸವರುತ್ತಿದ್ದ ನಿಂಬೆಹುಲ್ಲಿನ ಎಣ್ಣೆಯ ವಾಸನೆ. ತಂದೆಯವರು ತೀರಿಕೊಂಡ ಮೇಲೆ ಆ ಎಣ್ಣೆ ನಮ್ಮ ಮನೆಗೆ ಬಂದಿರಲಿಲ್ಲ. ನಡುಮನೆಯಲ್ಲೇ ಇದ್ದ ನನ್ನ ಪತ್ನಿ ಯಾವ ಸದ್ದೂ ಕೇಳಲಿಲ್ಲವೆಂದಳು.

ನೇರವಾಗಿ ಹನುಮಂತಪ್ಪನ ಮನೆಗೆ ಹೋಗಿ, ನನ್ನ ದೇವರಕೋಣೆಗೆ ಹೇಗೆ ನುಗ್ಗಿದೆಯೆಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಅವನೂ ಕೆರಳಿದ: "ಬೀಗದ ಕೈ ನಿಮ್ ಸ್ವಂಟದಾಗೈತೆ, ಕಳ್ಳ ನಾನಾ?"

ಮನೆಗೆ ಬಂದು ಓಲೆಗಳನ್ನು ಎತ್ತಿ ಕಟ್ಟಲು ಕುಳಿತೆ. ಅಂಚನ್ನು ಹುಳು ತಿಂದು ಸಂಖ್ಯೆ ಅಳಿಸಿಹೋಗಿದ್ದ ಓಲೆಯೊಂದನ್ನು ನಾನು ಹಿಂದೆಯೇ ಊಹೆಯಿಂದ ಕೊನೆಯಲ್ಲಿ ಸೇರಿಸಿದ್ದೆ. ಈಗ ಅದು ಅಭಿಷೇಕದ ಭಾಗದ ನಡುವೆ ಇತ್ತು. ಓದಿ ನೋಡಿದೆ. ವರ್ಷಗಳಿಂದ ನನಗೆ ಅರ್ಥವಾಗದೆ ಉಳಿದಿದ್ದ ವಾಕ್ಯ ಅಲ್ಲಿ ಪೂರ್ಣವಾಯಿತು. ಹನುಮಂತಪ್ಪನಿಗೆ ಅಕ್ಷರ ಬಾರದು.

ಅವನನ್ನು ಮರಳಿ ಕರೆಸಿದೆ. ಗೋಡೆ ಒಣಗುವವರೆಗೆ ಕಿಟಕಿ ತೆರೆದೇ ಇತ್ತು. ಆದರೆ ನನ್ನ ಸಿಟ್ಟು ಇಂದಿಗೂ ಆರಿಲ್ಲ, ಅದು ಅವನ ಮೇಲಿನದಲ್ಲ. ಬದುಕಿದ್ದಾಗ ಮಂತ್ರದಲ್ಲಿ ಒಂದು ಸ್ವರ ತಪ್ಪಿದರೂ ಬೈಯದೆ ಬಿಟ್ಟವರಲ್ಲ ನನ್ನ ತಂದೆ. ಅಂದು ಬಂದವರು ಅವರೇ ಹೌದೋ ಅಲ್ಲವೋ ನಾನರಿಯೆ. ಅವರೇ ಆಗಿದ್ದರೆ, ಓಲೆಯನ್ನು ಮಾತ್ರ ತಿದ್ದಿಟ್ಟು, ನನಗೆ ಒಂದು ಬೈಗುಳವನ್ನೂ ಉಳಿಸದೆ ಏಕೆ ಹೋದರು?