ಮೊಣಕಾಲ ಕೆಳಗಿನ ಗಾಳಿ

ದೊಸ್ತಾಳ ತಾತ ತೆಮೆಲ್ಕೊ, ವರ್ದಾರ್ ನದಿಯ ದಂಡೆಯ ಬಂಡೆ ಕೊರೆದು ದೊರೆಯ ವೈನಿಗೆ ನೆಲಮಾಳಿಗೆ ಮಾಡಿಕೊಟ್ಟವನು. ಮೂರು ಚಳಿಗಾಲ ಉಳಿ ಹಿಡಿದ. ಅರಮನೆಯ ಅಧಿಕಾರಿ ಬಂದು ಬೆನ್ನು ತಟ್ಟಿದರೆ, "ಬೆನ್ನು ಗಟ್ಟಿ ಐತೆ ಸ್ವಾಮಿ, ಹೊಟ್ಟೆ ತಟ್ಟಿ ನೋಡಿ, ಟೊಳ್ಳು" ಅಂದನಂತೆ. ಅವನ ಮಗ, ದೊಸ್ತಾಳ ಅಪ್ಪ ಸ್ಪಾಸೆ ಅದೇ ಮಾಳಿಗೆಯನ್ನು ನೋಡಿಕೊಂಡವನು. ದೊರೆ ಹೋಗಿ ಸರ್ಕಾರ ಬಂತು. ಸರ್ಕಾರ ಹೋಗಿ ಸಾಹುಕಾರರು ಬಂದರು. ಪೀಪಾಯಿಗಳ ಮೇಲಿನ ಕಿರೀಟದ ಮುದ್ರೆ ಮಾತ್ರ ಅಳಿಯಲಿಲ್ಲ.

ದ್ರಾಕ್ಷಿರಸ ಹುಳಿತು ಕುದಿಯುವ ತಿಂಗಳಲ್ಲಿ ಒಂದು ಗಾಳಿ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ಅದರಲ್ಲಿ ಮೂಗು ಮುಳುಗಿದವನು ಎರಡು ಉಸಿರಿಗೆ ಉರುಳುತ್ತಾನೆ. ಒಂದು ವರ್ಷ ಮಾಳಿಗೆಯ ತಳದ ಗುಂಡಿಯಲ್ಲಿ ಮೂವರು ಬಿದ್ದರು. ಸ್ಪಾಸೆ ಉಸಿರು ಬಿಗಿಹಿಡಿದು ಇಬ್ಬರನ್ನು ಎಳೆದು ತಂದ. ಮೂರನೆಯವನು ಅವನ ಒಡಹುಟ್ಟಿದ ತಮ್ಮ. ಕರುಳು ತಡೆಯಲಿಲ್ಲ, "ಲಾಜೋ" ಎಂದು ಹೆಸರು ಹಿಡಿದು ಕರೆದ. ಕರೆಯಲು ಬಾಯಿ ತೆರೆದವನು ಉಸಿರು ಎಳೆಯದೆ ಬಿಡುತ್ತಾನೆಯೇ? ಅಣ್ಣತಮ್ಮ ಇಬ್ಬರೂ ಅಲ್ಲೇ ಮಲಗಿದರು. ಮೇಲಿನ ಮೆಟ್ಟಿಲಲ್ಲಿ ನಿಂತು ಅದನ್ನು ನೋಡಿದವಳು ಒಂಬತ್ತು ವರ್ಷದ ದೊಸ್ತಾ.

ದೊಸ್ತಾ ಎಂದರೆ 'ಸಾಕು' ಎಂದು. ಸಾಲಾಗಿ ನಾಲ್ಕನೆಯದೂ ಹೆಣ್ಣಾದಾಗ ಇಟ್ಟ ಹೆಸರು. ಸಾಕೆನ್ನಿಸಿಕೊಂಡು ಹುಟ್ಟಿದವಳೇ ಮುಂದೆ ಅಪ್ಪನ ಕೆಲಸ ಹಿಡಿದಳು. ಮದುವೆ ಬೇಡವೆಂದಳು. ಹುಳಿಯುವ ತಿಂಗಳು ಬಂತೆಂದರೆ ಅವಳ ಕೈಗೆ ಮೇಣದ ಬತ್ತಿ ಬರುತ್ತಿತ್ತು. ಅದನ್ನು ಮೊಣಕಾಲಿಗಿಂತ ಕೆಳಗೆ ಹಿಡಿದು, ಕುರುಡಿಯಂತೆ ಒಂದೊಂದೇ ಮೆಟ್ಟಿಲು ಇಳಿಯುವಳು. ಆ ಗಾಳಿ ಮುಟ್ಟಿ ಉರಿ ಕುಗ್ಗಿದರೆ ಹಿಂದಕ್ಕೆ. ಕೂಲಿಯವರು ನಗುತ್ತಿದ್ದರು.

"ದೊಸ್ತಕ್ಕ, ಬಗ್ಗಿಕೊಂಡು ಇರುವೆ ಹುಡುಕ್ತಿದ್ದೀಯಾ?"

"ಇಲ್ಲ ಕಣೋ. ನಿನ್ನ ಬುದ್ಧಿ ಇಲ್ಲೆಲ್ಲೋ ಬಿದ್ದೋಗೈತಂತೆ, ಅದನ್ನ ಹುಡುಕ್ತಿದ್ದೀನಿ."

ಮಾತು ಚುರುಕು, ಒಳಗೆ ಮಾತ್ರ ಪುಕಪುಕ. ನಲವತ್ತು ವರ್ಷ ಆ ಬಾಗಿಲಲ್ಲಿ ಪೀಪಾಯಿಗೆ ಪಟ್ಟಿ ಬಿಗಿದ ನನಗೆ ಅದು ಗೊತ್ತು. ಕೊನೆಯ ಮೆಟ್ಟಿಲಿಗೆ ಬಂದಾಗ ಅವಳ ಹಲ್ಲು ಕಟಕಟ ಅನ್ನುವುದು ಮೇಲಕ್ಕೆ ಕೇಳಿಸುತ್ತಿತ್ತು.

ಹೋದ ಅಕ್ಟೋಬರಿನಲ್ಲಿ ರಾಜಧಾನಿ ಸ್ಕೋಪ್ಯೆಯಿಂದ ಒಂಬತ್ತು ಜನ ದೊರೆಯ ಮಾಳಿಗೆ ನೋಡಲು ಬಂದರು. ಅವರಿಗೆ ತೋರಿಸಬೇಕಾದವಳು ರುಮೆನಾ, ದೊಸ್ತಾಳ ಅಕ್ಕನ ಮಗಳು. ದೊಸ್ತಾ ಆಗ ಅಂಗಳದಾಚೆ ದ್ರಾಕ್ಷಿಯ ಗಾಡಿ ಇಳಿಸಿಕೊಳ್ಳುತ್ತಿದ್ದಳು. ಬಂದವರಿಗೆ ಬಸ್ಸಿನ ಅವಸರ. ಮಾಳಿಗೆಯ ಗೂಡಿನಲ್ಲಿ ಬತ್ತಿ ಮುಗಿದಿತ್ತು. ತೀರಿಕೊಂಡ ತನ್ನ ಅಪ್ಪನ ಹೆಸರಿನಲ್ಲಿ ಹಚ್ಚಲೆಂದು ಇಗರ್ಜಿಯಿಂದ ತಂದ ಬತ್ತಿ ರುಮೆನಾಳ ಚೀಲದಲ್ಲಿತ್ತು. ಅದನ್ನೇ ಹೊತ್ತಿಸಿದಳು.

"ಚೆನ್ನಾಗಿ ಉರೀತೈತೆ ಮಾವ, ಏನೂ ಭಯ ಇಲ್ಲ," ಎಂದು ನನಗೆ ಹೇಳಿ ಇಳಿದಳು.

ಉರಿಯುತ್ತಿತ್ತು ನಿಜ. ಆದರೆ ಎದೆಯ ಮಟ್ಟದಲ್ಲಿ. ಇಗರ್ಜಿಯ ಬತ್ತಿಯನ್ನು ಸೊಂಟದ ಕೆಳಗೆ ಹಿಡಿಯುವುದು ನಮ್ಮಲ್ಲಿ ಪಾಪ. ಅವಳ ಕೈ ತಾನಾಗಿ ಮೇಲೆ ಹೋಯಿತು. ನನ್ನ ಕಣ್ಣಿಗೂ ಅದು ಸರಿಯಾಗಿಯೇ ಕಂಡಿತು. ಅರ್ಧ ತಪ್ಪು ನನ್ನದು, ಅದನ್ನು ಯಾರ ಮೇಲೂ ಹಾಕುವುದಿಲ್ಲ.

ಗುಂಡಿಯ ತಳದಲ್ಲಿ ಎಲ್ಲರೂ ನಿಂತು ಪೀಪಾಯಿ ನೋಡಿದರು. ಗಾಳಿ ಅವರ ತೊಡೆಯ ತನಕ ಇತ್ತು, ಯಾರಿಗೂ ತಿಳಿಯಲಿಲ್ಲ. ಬಂದವರಲ್ಲಿ ಬೊಗೊಯಾ ಎಂಬ ಹಳೆಯ ಶಾಲಾ ಮಾಸ್ತರರು ಮೂಲೆಯ ಪೀಪಾಯಿಯ ಕೆಳಗಿದ್ದ ಕಿರೀಟದ ಮುದ್ರೆ ನೋಡಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

ಅವರ ಹೆಂಡತಿ ನೆವೆನಾ ಚೀರಿದ್ದು ಅಂಗಳಕ್ಕೆ ಕೇಳಿತು. ದೊಸ್ತಾ ಗಾಡಿಯನ್ನು ಹಾಗೇ ಬಿಟ್ಟು ಓಡಿಬಂದಳು, ನಾನೂ ಅವಳ ಹಿಂದೆ ಮೆಟ್ಟಿಲಿಳಿದೆ. ರುಮೆನಾಳ ಎದೆಯ ಮುಂದೆ ಇನ್ನೂ ನೆಟ್ಟಗೆ ಉರಿಯುತ್ತಿದ್ದ ಬತ್ತಿ ನೋಡಿದ ಕೂಡಲೇ ಅವಳ ಮುಖ ಸುಣ್ಣವಾಯಿತು.

"ಯಾರೂ ಬಗ್ಗಬ್ಯಾಡಿ! ತಲೆ ಎತ್ಕೊಂಡು ಮೇಲೆ ಬನ್ನಿ! ಓಡಬ್ಯಾಡಿ!"

"ನನ್ನ ಗಂಡನ್ನ ಬಿಟ್ಟು ಬರಲಾ? ನೀನೇನು ಹೆಂಗಸಾ, ಕಲ್ಲಾ?" ಎಂದು, ಉಳಿದವರು ಮೆಟ್ಟಿಲೇರುತ್ತಿದ್ದರೂ, ನೆವೆನಾ ಗಂಡನ ಕಡೆ ನುಗ್ಗಿದರು. ದೊಸ್ತಾ ಇಳಿದು ಹೋಗಿ ಅವರ ಜುಟ್ಟು ಹಿಡಿದೇ ಎಳೆದು ನನ್ನ ಕೈಗೆ ತಳ್ಳಿದಳು.

"ಹಿಡ್ಕೊ ಅಣ್ಣ. ಇವ್ರು ಕಚ್ಚಿದ್ರೂ ಬಿಡಬ್ಯಾಡ."

"ಚಿಕ್ಕವ್ವ, ನಾನು ಹೋಯ್ತೀನಿ, ತಪ್ಪು ನಂದು," ಎಂದು ರುಮೆನಾ ಅತ್ತಳು.

"ನೀನು ಅಳ್ತಾ ಇದ್ದೀಯ. ಅಳೋರು ಉಸಿರು ಎಳೀತಾರೆ. ಹಗ್ಗ ಹಿಡಿ."

ಗೋಡೆಯಲ್ಲಿ ಪೀಪಾಯಿ ಇಳಿಸುವ ಕುಣಿಕೆ ಹಗ್ಗ ಇತ್ತು. ದೊಸ್ತಾ ತಲೆವಸ್ತ್ರ ಕಿತ್ತು, ಮುದ್ದೆ ಮಾಡಿ ತನ್ನ ಬಾಯಿಗೇ ತುರುಕಿಕೊಂಡಳು. ಯಾಕೆಂದು ನನಗೆ ಅರ್ಥವಾಯಿತು: ಅಪ್ಪನ ಹಾಗೆ ಬಾಯಿ ತೆರೆಯಬಾರದು. ಕೊನೆಯ ಮೆಟ್ಟಿಲಲ್ಲಿ ಒಂದು ಗಳಿಗೆ ನಿಂತಳು. ಹೋಗಲಾರಳು ಎಂದುಕೊಂಡೆ. ಮೂಗಿನಿಂದ ಎದೆ ತುಂಬ ಉಸಿರು ಎಳೆದು ನಡೆದಳು.

ಮೊದಲ ಸಲ ಬಗ್ಗಿ ಮಾಸ್ತರರ ಒಂದು ತೋಳಿಗೆ ಕುಣಿಕೆ ತೂರಿಸಿದಳು. ಎದ್ದು ಮೆಟ್ಟಿಲಿಗೆ ಬಂದು ಉಸಿರು ತುಂಬಿಕೊಂಡಳು. ನನ್ನ ಹಿಡಿತದಲ್ಲಿ ಒದ್ದಾಡುತ್ತಿದ್ದ ನೆವೆನಾ ದೊಸ್ತಾಳಿಗೆ ಕೂಗಿ ಹೇಳಿದರು.

"ಹೆಸರು ಹಿಡಿದು ಕೂಗಮ್ಮ! ಬೊಗೊಯಾ ಅನ್ನು! ಅವ್ರು ಓಗೊಡ್ತಾರೆ!"

ದೊಸ್ತಾ ತಿರುಗಿ ನೋಡಲಿಲ್ಲ. ಎರಡನೆಯ ಸಲ ಬಗ್ಗಿದಳು. ಇನ್ನೊಂದು ತೋಳಿಗೂ ಕುಣಿಕೆ ಬಿತ್ತು. ಏಳಬೇಕು, ಏಳಲಿಲ್ಲ. ಪ್ರಜ್ಞೆಯಿಲ್ಲದ ಮಾಸ್ತರರ ಬೆರಳುಗಳು ಸೆಟೆದು ಅವಳ ಲಂಗವನ್ನು ಹಿಡಿದುಬಿಟ್ಟಿದ್ದವು. ಜಗ್ಗಿದಳು, ಬಿಡಲಿಲ್ಲ. ಅವಳ ಕಣ್ಣುಗುಡ್ಡೆ ಹೊರಗೆ ಬರುವಂತಾಯಿತು. ಕೆನ್ನೆ ಉಬ್ಬಿತು. ತಲೆವಸ್ತ್ರ ಬಾಯಿಯಿಂದ ಅರ್ಧ ಜಾರಿತು. ಅವಳ ಅಪ್ಪ ಬಿದ್ದ ಜಾಗ ಅಲ್ಲಿಂದ ನಾಲ್ಕು ಅಡಿ.

"ಎಳೀರೋ!" ಎಂದು ನಾನು ಕೂಗಿದೆ. ರುಮೆನಾ ಮತ್ತು ಬಂದವರೆಲ್ಲ ಎಳೆದರು. ಇಬ್ಬರೂ ಒಟ್ಟಿಗೆ ನೆಲ ಸವರಿಕೊಂಡು ಬಂದರು, ಮಾಸ್ತರರು ಹಗ್ಗದಲ್ಲಿ, ದೊಸ್ತಾ ಅವರ ಮುಷ್ಟಿಯಲ್ಲಿ. ಮೂರನೆಯ ಮೆಟ್ಟಿಲಿಗೆ ತಲೆ ಬಂದ ಮೇಲೆಯೇ ಅವಳು ತಲೆವಸ್ತ್ರ ಉಗುಳಿದಳು. ಅದರಲ್ಲಿ ರಕ್ತವಿತ್ತು. ಅಷ್ಟು ಬಿಗಿಯಾಗಿ ತುಟಿ ಕಚ್ಚಿದ್ದಳು.

ಮಾಸ್ತರರನ್ನು ಅಂಗಳಕ್ಕೆ ಹೊತ್ತು ತಂದು ಮಲಗಿಸಿದೆವು. ಮುಖ ನೇರಳೆ ಬಣ್ಣ. ಎಷ್ಟು ಹೊತ್ತೋ ಕಾಣೆ, ನನಗೆ ಅದು ಒಂದು ವರ್ಷ. ಆಮೇಲೆ ಕೆಮ್ಮಿದರು, ವಾಂತಿ ಮಾಡಿದರು, ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿ, "ಯಾಕೆ ಕಿರುಚ್ತೀಯೆ, ಜನ ನೋಡ್ತಾರೆ" ಅಂದರು. ನೆವೆನಾ ಅವರ ಎದೆಗೆ ಒಂದು ಗುದ್ದು ಕೊಟ್ಟು, ಆ ಎದೆಯ ಮೇಲೇ ಬಿದ್ದು ಅತ್ತರು. ಆಸ್ಪತ್ರೆಯ ಗಾಡಿ ಬಂದು ಇಬ್ಬರನ್ನೂ ಕರೆದುಕೊಂಡು ಹೋಯಿತು.

ದೊಸ್ತಾ ಮಾತ್ರ ಮಾಳಿಗೆಯ ಬಾಗಿಲ ಕಲ್ಲಿನ ಮೇಲೆ ಕೂತೇ ಇದ್ದಳು. ಎರಡು ಸಲ ಏಳಲು ನೋಡಿದಳು, ಕಾಲು ಕೇಳಲಿಲ್ಲ. ರುಮೆನಾ ಒಂದು ಕಡೆ ರಟ್ಟೆ ಹಿಡಿಯಲು ಬಂದಳು. ಇನ್ನೊಂದು ಕಡೆಯಿಂದ ನಾನು ಕೈ ಚಾಚಿದೆ.

"ಮುಟ್ಟಬ್ಯಾಡಿ," ಅಂದಳು ದೊಸ್ತಾ. "ಈವತ್ತು ನೀವು ಎಬ್ಬಿಸಿದ್ರೆ, ನಾಳೆ ಈ ಕಾಲು ಅಲ್ಲಿಗೆ ಇಳಿಯಾಕೆ ಒಪ್ಪಾಕಿಲ್ಲ. ಇಲ್ಲೇ ಕೂತಿರ್ತೀನಿ. ಎಷ್ಟೊತ್ತಾದ್ರೂ ಆಗ್ಲಿ, ತಾವಾಗೇ ಏಳ್ಲಿ ಅವು. ನೀವು ಹೋಗ್ರಿ."