ಸುಳ್ಳು ಸೂತಕ

ಐದು ವರ್ಷಗಳಲ್ಲಿ ನಮ್ಮ ಕುಟುಂಬದಲ್ಲಿ ನಾಲ್ಕು ಜನ ಸತ್ತರು. ನಿಜವಾಗಿ ಸತ್ತದ್ದು ಒಬ್ಬರೇ. ಉಳಿದ ಮೂವರನ್ನು ಕೊಂದದ್ದು ಅಮ್ಮ, ಸುದ್ದಿ ಮುಟ್ಟಿಸಿದ್ದು ಮಗಳಾದ ನಾನು.

ಎಪ್ಪತ್ತರ ದಶಕದ ಮಾತು. ನಾವಿದ್ದದ್ದು ಬೋಳಾರದ ಎರಡು ಕೋಣೆಯ ಬಾಡಿಗೆ ಬಿಡಾರದಲ್ಲಿ. ಅಪ್ಪ ಹಂಚಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತರು. ಅಜ್ಜನ ಕಾಲದವರೆಗೆ ದೇವಸ್ಥಾನದ ಪೂಜೆ ಮಾಡಿಕೊಂಡಿದ್ದ ಮನೆತನ ನಮ್ಮದು. ಪೂಜೆ ಕೈಬಿಟ್ಟು ಹೋದರೂ ನೆಂಟರು ಕೈಬಿಡಲಿಲ್ಲ. ವೈಶಾಖ ಬಂತೆಂದರೆ ಮದುವೆ, ಉಪನಯನ, ಸೀಮಂತ ಎಂದು ಕಾಗದಗಳು ಬರುತ್ತಿದ್ದವು. ಪ್ರತಿಯೊಂದು ಕಾಗದವನ್ನೂ ಅಮ್ಮ ಅರಸಿನ ಹಚ್ಚಿದ ಮೂಲೆಯಲ್ಲಿ ಹಿಡಿದು, ಚೇಳನ್ನು ಎತ್ತಿದ ಹಾಗೆ, ದೇವರ ಪಟದ ಹಿಂದೆ ಇಡುತ್ತಿದ್ದಳು. ಹೋಗುವುದಾದರೆ ಬರಿಗೈಯಲ್ಲಿ ಹೋಗುವ ಹಾಗಿಲ್ಲ, ಬೋಳು ಕೈಯಲ್ಲೂ ಹೋಗುವ ಹಾಗಿಲ್ಲ. ಅಜ್ಜಿಯ ಕಾಯಿಲೆಯ ವರ್ಷದಲ್ಲೇ ಅಮ್ಮನ ಚಿನ್ನದ ಬಳೆಗಳು ಹೋಗಿದ್ದವು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಕಟ್ಟಿದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಜುಟ್ಟಿನಲ್ಲಿ ಮಲ್ಲಿಗೆ ಕಾಣದೆ ಹೋದರೆ ಜನ ಹೊಟ್ಟೆಯ ವಿಚಾರಣೆಗೆ ಇಳಿಯುತ್ತಾರೆ. ಆ ಭಯ ಏನೆಂದು ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ಆ ಮೊದಲನೆಯ, ನಿಜವಾದ ಸಾವೇ. ಕಾರ್ಕಳದಾಚೆಯ ಊರಿನಲ್ಲಿ ಅಪ್ಪನ ದಾಯಾದಿ ಮುದುಕರೊಬ್ಬರು ತೀರಿಕೊಂಡರು. ದಾಯಾದಿ ಸತ್ತರೆ ಹತ್ತು ದಿನ ಸೂತಕ. ಶುಭಕಾರ್ಯಕ್ಕೆ ಹೋಗಬಾರದು, ದೇವಸ್ಥಾನಕ್ಕೆ ಹೋಗಬಾರದು. ನಮ್ಮ ಮನೆಗೂ ಯಾರೂ ಒಂದು ಲೋಟ ನೀರಿಗೆಂದು ಬರುವುದಿಲ್ಲ. ಆ ಹತ್ತು ದಿನಗಳಲ್ಲಿ ಎರಡು ಮದುವೆ, ಒಂದು ಉಪನಯನ ಇದ್ದವು. ನಾವು ಯಾವುದಕ್ಕೂ ಹೋಗಲಿಲ್ಲ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಬದಲಿಗೆ "ಪಾಪ" ಎಂದರು. ಆ ತಿಂಗಳ ಕೊನೆಯಲ್ಲಿ ಡಬ್ಬಿಯ ತಳದಲ್ಲಿ ಇನ್ನೂ ಅಕ್ಕಿ ಇತ್ತು. ಅಮ್ಮ ಅದನ್ನು ಎರಡು ಸಲ ಕೈಯಾಡಿಸಿ ನೋಡಿದಳು.

ಮುಂದಿನ ವೈಶಾಖದಲ್ಲಿ ಇನ್ನೊಬ್ಬ ದಾಯಾದಿ ಸತ್ತ. ಅವನು ಎಲ್ಲಿಯೋ ಗಟ್ಟಿಯಾಗಿಯೇ ಇದ್ದ. "ಸುಳ್ಳು ಸಾವಿನ ಸುದ್ದಿ ಹುಟ್ಟಿದ್ರೆ ಆಯುಸ್ಸು ಹೆಚ್ಚಾಗ್ತದೆ ಅಂತ ಉಂಟು. ಅವನಿಗೆ ಒಳ್ಳೆಯದೇ," ಎಂದಳು ಅಮ್ಮ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಪ್ಪ ಊಟದ ಎಲೆಯಿಂದ ತಲೆ ಎತ್ತದೆ, "ನಮ್ಮ ಕುಟುಂಬದಲ್ಲಿ ಇನ್ನು ಎಷ್ಟು ಜನ ಉಳಿದಿದ್ದಾರೆ?" ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

ಎರಡು ವರ್ಷ ಕಳೆದು ಮತ್ತೊಬ್ಬ ಸತ್ತ. ಸುಳ್ಳು ಸೂತಕವನ್ನು ಅಮ್ಮ ನಿಜವಾಗಿಯೇ ಆಚರಿಸುತ್ತಿದ್ದಳು. ಹತ್ತು ದಿನ ದೇವರ ಮುಂದೆ ದೀಪ ಹಚ್ಚುತ್ತಿರಲಿಲ್ಲ, ಮಂಗಳಾದೇವಿ ದೇವಸ್ಥಾನಕ್ಕೆ ಹೋಗುತ್ತಿರಲಿಲ್ಲ. ಹನ್ನೊಂದನೆಯ ದಿನ ಮನೆಯ ಬಟ್ಟೆಯನ್ನೆಲ್ಲ ಬಾವಿಕಟ್ಟೆಗೆ ಹೊತ್ತು ಒಗೆಯುತ್ತಿದ್ದಳು. ಅಕ್ಕಪಕ್ಕದವರಿಗೆ ಕಾಣಲಿ ಎಂದು ಮಾತ್ರವಲ್ಲ. ಒಂದು ಸಲ ಕತ್ತಲೆಯ ದೇವರ ಗೂಡಿನ ಮುಂದೆ ನಿಂತು ಅವಳು ಕೆನ್ನೆ ಬಡಿದುಕೊಳ್ಳುವುದನ್ನು ನಾನು ನೋಡಿದ್ದೇನೆ.

ನೆಂಟರನ್ನೆಲ್ಲ ಹೀಗೆ ದೂರ ಇಟ್ಟ ಅಮ್ಮನಿಗೆ ಗೆಳತಿಯೆಂದು ಇದ್ದದ್ದು ಒಬ್ಬರೇ. ನಾನು ಅವರನ್ನು ದೇರೆಬೈಲಿನ ಚಿಕ್ಕಮ್ಮ ಎನ್ನುತ್ತಿದ್ದೆ. ಸಂಬಂಧವೇನೂ ಇಲ್ಲ, ಅಮ್ಮನ ಜೊತೆ ಒಂದೇ ಶಾಲೆಗೆ ಹೋದವರು. ಗಂಡನಿಗೆ ಎರಡು ಹೋಟೆಲುಗಳಿದ್ದವು. ತಿಂಗಳಿಗೊಂದು ಶುಕ್ರವಾರ ಮಂಗಳಾದೇವಿಗೆ ಬಂದವರು ನಮ್ಮಲ್ಲಿಗೆ ಬಂದು ಎರಡು ಗಂಟೆ ಕೂತು ಹೋಗುತ್ತಿದ್ದರು. ಆ ದಿನಕ್ಕೆಂದು ಅಮ್ಮ ಒಂದು ಹಿಡಿ ರವೆಯನ್ನೂ ಸಕ್ಕರೆಯನ್ನೂ ನನ್ನ ಕೈಗೆ ಸಿಗದ ಕಡೆ ಇಡುತ್ತಿದ್ದಳು. ಬೇರೆ ದಿನ ನಮಗೆ ಬೆಲ್ಲದ ಕಷಾಯ. ಚಿಕ್ಕಮ್ಮನಿಗೆ ಎಲ್ಲ ಗೊತ್ತಿತ್ತು ಎಂದು ಈಗ ಅನಿಸುತ್ತದೆ. ಅಷ್ಟು ಇದ್ದವರು ಒಂದು ದಿನವೂ ದೊಡ್ಡ ಉಡುಗೊರೆ ತರಲಿಲ್ಲ. ತರುತ್ತಿದ್ದದ್ದು ತಮ್ಮ ಹಿತ್ತಲಿನ ಒಂದು ಕಟ್ಟು ಹರಿವೆ ಸೊಪ್ಪು. "ನಮ್ಮಲ್ಲಿ ತಿಂದು ಮುಗಿಯುವುದಿಲ್ಲ ಮಾರಾಯ್ತಿ," ಎನ್ನುತ್ತಿದ್ದರು. ಅವರು ಹೋದ ಮೇಲೆ ಅಮ್ಮ ಸಂಜೆಯವರೆಗೆ ಹಾಡು ಗುನುಗುತ್ತಿದ್ದಳು. ಬೇರೆ ದಿನ ಅವಳು ಹಾಡಿದ್ದು ನನಗೆ ನೆನಪಿಲ್ಲ.

ನನಗೆ ಹದಿನೇಳು ವರ್ಷವಾದಾಗ ಚಿಕ್ಕಮ್ಮನ ಮಗಳ ಮದುವೆ ಗೊತ್ತಾಯಿತು. ಕರೆಯಲು ಅವರೇ ಬಂದರು. ಕಾಗದ ಕೊಟ್ಟು, ಕುಂಕುಮ ಇಟ್ಟು, ಅಮ್ಮನ ಎರಡೂ ಕೈ ಹಿಡಿದುಕೊಂಡರು. "ಧಾರೆಯ ಹೊತ್ತಿಗೆ ನೀನು ನನ್ನ ಹತ್ತಿರವೇ ನಿಲ್ಲಬೇಕು. ನನಗೆ ಅಕ್ಕ ತಂಗಿ ಅಂತ ಯಾರಿದ್ದಾರೆ?"

"ನಿಲ್ತೇನೆ," ಎಂದಳು ಅಮ್ಮ. ಆ ಕ್ಷಣದಲ್ಲಿ ಅದು ಸುಳ್ಳಾಗಿರಲಿಲ್ಲ.

ಒಂದು ವಾರ ಅವಳು ತನ್ನ ಒಂದೇ ರೇಷ್ಮೆಯ ಪಟ್ಟೆ ಸೀರೆಯನ್ನು ತೆಗೆಯುವುದು, ಮಡಚುವುದು ಮಾಡಿದಳು. ಅದು ಮಡಿಕೆಯ ಗೆರೆಗುಂಟ ಸೀಳಿತ್ತು. ಹೊಲಿದು ಉಟ್ಟು ನೋಡಿದಳು. ನಿಂತರೆ ಕಾಣುವುದಿಲ್ಲ, ಬಗ್ಗಿದರೆ ಹೊಲಿಗೆ ಬಾಯಿ ಬಿಡುತ್ತದೆ. ಧಾರೆಯ ಮಂಟಪದಲ್ಲಿ ಊರವರೆಲ್ಲರ ಎದುರು ಬಗ್ಗದೆ ಇರಲು ಆಗುತ್ತದೆಯೇ? ಮದುವೆಗೆ ಮೂರು ದಿನ ಇರುವಾಗ ಸೀರೆಯನ್ನು ಪೆಟ್ಟಿಗೆಗೆ ಹಾಕಿ, "ನೀನು ದೇರೆಬೈಲಿಗೆ ಹೋಗಿ ಹೇಳಿ ಬಾ," ಎಂದಳು.

"ಅಮ್ಮಾ, ಅವರಿಗಾ?"

"ಹೋಗು ಅಂದ್ರೆ ಹೋಗು."

ಈ ಸಲ ಸಾಯಿಸಲು ಉಳಿದಿದ್ದದ್ದು ಅಪ್ಪನ ದೊಡ್ಡಪ್ಪನ ಮಗ ಒಬ್ಬನೇ. ಉಡುಪಿಯ ಕಡೆ ಅಡುಗೆ ಕೆಲಸ ಮಾಡಿಕೊಂಡಿದ್ದ, ಮದುವೆಯಾಗದ ಮನುಷ್ಯ. ನಮ್ಮ ಮನೆಯ ಮೆಟ್ಟಿಲು ಹತ್ತಿ ಹತ್ತು ವರ್ಷವಾಗಿತ್ತು. ನಾನು ಎರಡು ಬಸ್ಸು ಹತ್ತಿ ಹೋದೆ. ಅಂಗಳದಲ್ಲಿ ಚಪ್ಪರ ಏಳುತ್ತಿತ್ತು. ನಾನು ಚಪ್ಪರದ ಹೊರಗೇ ನಿಂತು, "ಚಿಕ್ಕಮ್ಮಾ, ನಮಗೆ ಸೂತಕ," ಎಂದೆ. ಯಾರು ಸತ್ತದ್ದೆಂದೂ ಹೇಳಿದೆ. ಚಿಕ್ಕಮ್ಮ ಒಳಗಿನಿಂದ ಓಡಿ ಬಂದವರು ಮೆಟ್ಟಿಲ ಮೇಲೆಯೇ ತಡೆದು ನಿಂತರು. ಮದುವೆಯ ಮನೆ, ನನ್ನನ್ನು ಮುಟ್ಟುವ ಹಾಗಿಲ್ಲ. ಅವರ ಕಣ್ಣಲ್ಲಿ ನೀರು ಬಂತು. "ಅವಳ ಹಣೆಯಲ್ಲಿ ಒಂದು ದಿನದ ಸಂತೋಷ ಸಹ ಬರೆದಿಲ್ಲವಾ?" ಎಂದರು. ನನಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಅಮ್ಮನ ಮೇಲೆ.

ಮದುವೆಯ ಮರುದಿನ ಮಧ್ಯಾಹ್ನ ಯಾರೋ ಬಾಗಿಲಲ್ಲಿ ಕೆಮ್ಮಿದರು. ಅಮ್ಮ ಹೋಗಿ ನೋಡಿ, ಗೋಡೆ ಹಿಡಿದುಕೊಂಡಳು. ನಮ್ಮ ಸತ್ತ ದಾಯಾದಿ ಹೆಗಲಿಗೆ ಬೈರಾಸು ಹಾಕಿಕೊಂಡು, ಕೈಯಲ್ಲಿ ಒಂದು ಪೊಟ್ಟಣ ಹಿಡಿದು ನಗುತ್ತಾ ನಿಂತಿದ್ದ.

"ದೇರೆಬೈಲಲ್ಲಿ ಮದುವೆ ಅಡುಗೆಗೆ ಬಂದಿದ್ದೆ ಅತ್ತಿಗೆ. ಇಷ್ಟು ಹತ್ತಿರ ಬಂದು ನಿಮ್ಮನ್ನು ನೋಡದೆ ಹೋಗುವುದು ಹೇಗೆ?"

ಅಡುಗೆಯವನಿಗೆ ಮದುವೆ ಎಲ್ಲಿ ಇದೆಯೋ ಅದೇ ಊರು ಎಂಬುದು ಅಮ್ಮನಂಥ ಅಮ್ಮನಿಗೂ ಹೊಳೆದಿರಲಿಲ್ಲ. ಅವನು ಜಗಲಿಯಲ್ಲಿ ಕೂತು ಕಷಾಯ ಕುಡಿಯುತ್ತಾ ಹೇಳಿದ. "ಬೋಳಾರದಲ್ಲಿ ನಮ್ಮವರಿದ್ದಾರೆ, ನಾಳೆ ಹೋಗ್ಬೇಕು ಅಂತ ಬಡಿಸುವಾಗ ಹೇಳ್ತಾ ಇದ್ದೆ. ಮದುವೆ ಮನೆಯ ಅಮ್ಮ ಕೇಳಿಸಿಕೊಂಡ್ರು. ಯಾರು, ಎಂತ ಸಂಬಂಧ ಅಂತ ಎರಡೆರಡು ಸಲ ಕೇಳಿದ್ರು. ಮತ್ತೆ ಒಳಗೆ ಹೋಗಿ, ಇದನ್ನು ಅವಳಿಗೆ ಕೊಡಿ ಅಂತ ಕೊಟ್ರು."

"ಬೇರೆ ಎಂತ ಹೇಳಿದ್ಳು?"

"ಎಂತ ಇಲ್ಲ."

ಪೊಟ್ಟಣದಲ್ಲಿ ಮದುವೆಯ ಲಾಡು, ಕುಂಕುಮದ ಚಿಕ್ಕ ಕಟ್ಟು, ರವಿಕೆ ಕಣ ಇದ್ದವು. ಅವನು ಹೋದ ಮೇಲೆ ಅಪ್ಪ ಬಂದು, ವಿಷಯ ಕೇಳಿ, ಅಂಗಿ ಬಿಚ್ಚದೆ ತುಂಬ ಹೊತ್ತು ಕೂತರು. ಲಾಡು ಯಾರೂ ಮುಟ್ಟಲಿಲ್ಲ, ಇರುವೆ ತಿಂದವು. ಸತ್ತವನೇ ಬಂದು ಕಷಾಯ ಕುಡಿದು ಹೋದರೂ ಅಮ್ಮ ಉಳಿದ ದಿನಗಳ ಸೂತಕ ಬಿಡಲಿಲ್ಲ. ಅಕ್ಕಪಕ್ಕದವರಿಗೆ ಆಗಲೇ ಹೇಳಿಯಾಗಿತ್ತು.

ಮುಂದಿನ ಶುಕ್ರವಾರಗಳಲ್ಲಿ ಚಿಕ್ಕಮ್ಮ ಬರಲಿಲ್ಲ. ಕೆಲವು ತಿಂಗಳು ಅಮ್ಮ ರವೆ ತೆಗೆದಿಟ್ಟಳು. ಹುಳ ಬಿದ್ದ ಮೇಲೆ ನಿಲ್ಲಿಸಿದಳು. "ನೀನೇ ಒಮ್ಮೆ ಹೋಗಿ ಹೇಳಿಬಿಡು," ಎಂದು ನಾನು ರೇಗಿದೆ.

"ಎಂತ ಹೇಳುವುದು? ಸೀರೆ ಇರ್ಲಿಲ್ಲ ಅಂತವಾ?" ಎಂದಳು. ಮೂರು ಜನರ ಸಾವನ್ನು ಹೇಳಿಸಿದ ಬಾಯಿಗೆ ಆ ಒಂದು ಮಾತು ಬರಲಿಲ್ಲ.

ನಾನು ಓದಿ ಕಾವೂರಿನಲ್ಲಿ ಟೀಚರಾದೆ. ಮೊದಲ ಸಂಬಳದಲ್ಲಿ ಅಮ್ಮನಿಗೆ ಪಟ್ಟೆ ಸೀರೆ ತಂದೆ. ಕೈಯಲ್ಲಿ ಸವರಿ ನೋಡಿ, ಚೆನ್ನಾಗಿದೆ ಎಂದು ಒಳಗಿಟ್ಟಳು. ಅದನ್ನು ಉಟ್ಟು ಹೋಗಲು ಅವಳಿಗೆ ಯಾರ ಮನೆಯೂ ಉಳಿದಿರಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ, ಒಂದು ಬೆಳಗ್ಗೆ ಬಾವಿಕಟ್ಟೆಯಲ್ಲಿ ಅಪ್ಪ ಕುಸಿದು ಬಿದ್ದರು. ಎತ್ತಿ ತರುವಷ್ಟರಲ್ಲಿ ಹೋಗಿದ್ದರು. ಅಮ್ಮ ಅಳುವುದಕ್ಕೂ ಮುಂಚೆ ಹೇಳಿದ್ದು, "ದೇರೆಬೈಲಿಗೆ ಫೋನು ಮಾಡು. ಇದಕ್ಕೆ ಅವಳು ಬರ್ತಾಳೆ."

ತಿರುವಿನ ಅಂಗಡಿಗೆ ಓಡಿ ಫೋನು ಮಾಡಿದೆ. ಎತ್ತಿದ್ದು ಚಿಕ್ಕಮ್ಮನೇ. ಏಳೆಂಟು ವರ್ಷಗಳ ಮೇಲೆ ಕೇಳಿದ ದನಿ, ತಕ್ಷಣ ಗುರುತು ಸಿಕ್ಕಿತು. "ಚಿಕ್ಕಮ್ಮಾ, ಬೋಳಾರದಿಂದ. ಅಪ್ಪ ತೀರಿಕೊಂಡ್ರು," ಎಂದೆ. ಅವರು ಮೆಲ್ಲಗೆ ಕೇಳಿದರು.

"ನಿಜವಾ ಮಗಾ?"

ಕೇಳಿದ್ದರಲ್ಲಿ ಅವರ ತಪ್ಪೇನೂ ಇಲ್ಲ. ಅವರ ಅಂಗಳದಲ್ಲಿ ನಿಂತು ಸುಳ್ಳು ಹೇಳಿದವಳು ನಾನೇ. ಹೌದು ಎಂದಿದ್ದರೆ ಆಗುತ್ತಿತ್ತು. ಆದರೆ ನನ್ನ ಮೈಯೆಲ್ಲ ಉರಿದುಹೋಯಿತು, ಫೋನನ್ನು ಕುಕ್ಕಿಬಿಟ್ಟೆ. ಅಂಗಡಿಯವನು ಗಾಬರಿಯಿಂದ ನೋಡಿದ. ಇನ್ನೊಮ್ಮೆ ಮಾಡಬಹುದಿತ್ತು, ಮಾಡಲಿಲ್ಲ.

"ಎಂತ ಹೇಳಿದ್ಳು?" ಎಂದು ಅಮ್ಮ ಕೇಳಿದಳು.

"ಬರ್ತೇನೆ ಹೇಳಿದ್ರು," ಎಂದೆ.

ಚಟ್ಟ ಕಟ್ಟಿ ಆಯಿತು. ಪುರೋಹಿತರು ಹೊತ್ತಾಯಿತೆಂದು ಅವಸರ ಮಾಡಿದರು. ಅಮ್ಮ ಅಪ್ಪನ ತಲೆಯ ಹತ್ತಿರ ಕೂತು, ಬಾಗಿಲಿನಿಂದ ಕಣ್ಣು ತೆಗೆಯದೆ, "ಇನ್ನೊಂದು ಅರ್ಧ ಗಂಟೆ ನಿಲ್ಲಿ. ದೇರೆಬೈಲಿನಿಂದ ಬರ್ಲಿಕ್ಕುಂಟು," ಎಂದಳು. ನಿಂತರು. ಇನ್ನೊಂದು ಅರ್ಧ ಗಂಟೆ ನಿಂತರು. ಆಮೇಲೆ ಎತ್ತಿದರು.

ಗಂಡಸರೆಲ್ಲ ಹೋಗಿ ಮನೆ ಖಾಲಿಯಾದ ಮೇಲೆ ಅಮ್ಮ ನನ್ನ ಕಡೆ ತಿರುಗಿ, "ಅವಳಿಗೆ ಬಸ್ಸು ಸಿಕ್ಕಲಿಲ್ಲವೋ ಏನೋ," ಎಂದಳು.

"ಸಿಕ್ಕಲಿಲ್ಲ ಕಾಣ್ತದೆ," ಎಂದೆ.