ಜಾಕ್‌ವೆಲ್ ಮೇಲೆ ಕೇಳಿದ ಬೀಸುವ ಪದ

1986ರ ಮಾರ್ಚ್ ತಿಂಗಳು. ಹೋಳಿ ಹುಣ್ಣಿಮೆಗೆ ಇನ್ನೂ ಕೆಲವು ದಿನ ಬಾಕಿ ಇತ್ತು. ಐಟಿಐ ಮುಗಿಸಿದ್ದ ನಾನು ಜೇವರ್ಗಿಯ ಒಂದು ಸಣ್ಣ ಟ್ಯುಟೋರಿಯಲ್‌ನಲ್ಲಿ ಕೆಲಸಕ್ಕಿದ್ದೆ. ವಿದ್ಯುತ್ ಕೇಬಲ್, ಮೋಟಾರುಗಳನ್ನು ತಪಾಸಣೆ ಮಾಡುವ ಟೆಸ್ಟಿಂಗ್ ಕೆಲಸಗಾರರ ಪರೀಕ್ಷೆಗೆ ಅಲ್ಲಿ ಹುಡುಗರನ್ನು ತಯಾರು ಮಾಡುತ್ತಿದ್ದೆವು. ನಡೆಸುತ್ತಿದ್ದವರು ಶಂಕ್ರಪ್ಪ ಮಾಸ್ತರರು. ಅವರು ಮಾದರಿ ಪ್ರಶ್ನೆಪತ್ರಿಕೆ ಬರೆಯುವರು. ಅದನ್ನು ಸೈಕ್ಲೋಸ್ಟೈಲ್ ಮಾಡಿ ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಪ್ರತಿ ಭಾನುವಾರ ಬರುವ ಹುಡುಗರಿಗೆ ಹಂಚುವೆವು. ಪ್ರಶ್ನೆ ಮತ್ತು ಉತ್ತರಗಳಲ್ಲಿ ತಪ್ಪು ಹುಡುಕಿ ತಿದ್ದುವುದು ನನ್ನ ಪಾಲಿನ ಕೆಲಸ. ಯಾವ ಪತ್ರಿಕೆಯಲ್ಲಿ ಎಷ್ಟು ತಪ್ಪು ಸಿಕ್ಕವು ಎಂದು ತಾರೀಖು ಹಾಕಿ ದಿನಚರಿಯಲ್ಲಿ ಬರೆದಿಡುತ್ತಿದ್ದೆ. ನನಗೆ ಮೊದಲಿನಿಂದಲೂ ಆ ರೂಢಿ.

ಆ ಹುಡುಗರಲ್ಲಿ ಗುರುನಾಥ ಎಂಬುವನಿದ್ದ. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಒಂದು ಹಳ್ಳಿಯವನು. ನನಗಿಂತ ಒಂದೆರಡು ವರ್ಷ ಚಿಕ್ಕವನು, ನನ್ನನ್ನು ಚಂದ್ರಣ್ಣ ಎನ್ನುತ್ತಿದ್ದ. ಅವನಿಂದಾಗಿ ನಮ್ಮ ತರಗತಿಗೆ ಒಂದು ವಿಚಿತ್ರ ಪದ್ಧತಿ ಬಂದಿತ್ತು.

ಮೆಗ್ಗರ್ ಎಂಬ ಪೆಟ್ಟಿಗೆಯೊಂದಿದೆ. ಕೇಬಲ್ಲಿನ ಒಳಗಿನ ತಂತಿಗೆ ಅದನ್ನು ಜೋಡಿಸಿ ಹಿಡಿಕೆ ತಿರುಗಿಸಿದರೆ ಅದೇ ಕರೆಂಟು ಹುಟ್ಟಿಸಿ, ತಂತಿಯ ಮೇಲಿನ ಹೊದಿಕೆ ಗಟ್ಟಿಯಿದೆಯೋ ಇಲ್ಲವೋ ತೋರಿಸುತ್ತದೆ. ಒಂದು ನಿಮಿಷ ಒಂದೇ ಸಮನೆ ತಿರುಗಿಸಬೇಕು. ನಮ್ಮ ಹುಡುಗರಲ್ಲಿ ಕೈಗಡಿಯಾರ ಇದ್ದವರು ಕಡಿಮೆ. ಗುರುನಾಥ ಮೊದಲ ದಿನವೇ ಹಿಡಿಕೆ ಹಿಡಿದು ಕಣ್ಣು ಮುಚ್ಚಿ, ಅವನ ಅವ್ವ ಬೀಸುವಾಗ ಹಾಡುತ್ತಿದ್ದ ಪದ ಹಾಡತೊಡಗಿದ.

"ಬಿಳಿಜೋಳ ಬೀಸಿದರ ಬೆಳದಿಂಗಳ ಉದರತದ..."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾಕಲೇ ಗುರ್ಯಾ, ನಿಮ್ಮೂರ ಗಿರಣಿ ಬಂದ್ ಆಗ್ಯದೇನು?" ಎಂದು ಆಳಂದದ ಹುಡುಗನೊಬ್ಬ ಕೆಣಕಿದ.

"ನಗ್ರಿ, ನಗ್ರಿ. ನಿಮ್ಮ ಗಡಿಯಾರಕ್ಕ ಚಾವಿ ಕೊಡಬೇಕು. ನಮ್ಮವ್ವನ ಪದಕ್ಕ ಚಾವಿ ಬೇಕಾಗಂಗಿಲ್ಲ" ಎಂದ ಗುರುನಾಥ, ಕಣ್ಣು ತೆರೆಯದೆ.

ಮಾಸ್ತರರು ತಮ್ಮ ಗಡಿಯಾರ ನೋಡಿ ಇನ್ನೊಮ್ಮೆ ಹಾಡಿಸಿದರು. ಪದ ಮುಗಿಯುವುದಕ್ಕೂ ನಿಮಿಷ ತುಂಬುವುದಕ್ಕೂ ಸರಿಹೋಯಿತು. "ಬರೋಬ್ಬರಿ ಅದಲೇ!" ಎಂದು ಬೆರಗಾದರು. ಮುಂದಿನ ವಾರದಿಂದ ಎಲ್ಲರೂ ಅದನ್ನೇ ಗುನುಗಿಕೊಂಡು ಹಿಡಿಕೆ ತಿರುಗಿಸತೊಡಗಿದರು. ಅವನ ಅವ್ವ ಮತ್ತು ಚಿಗವ್ವ ಎದುರುಬದುರು ಕೂತು ಬೀಸುತ್ತಿದ್ದರಂತೆ. ಒಬ್ಬರು ಪದ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಮತ್ತೆ ಮೊದಲಿನಿಂದ ಎತ್ತಿದರೆ ಕಲ್ಲು ನಿಲ್ಲಿಸುವಂತಿಲ್ಲ. "ಪದ ಎತ್ತಿದ ಮ್ಯಾಲ ಕೈ ಬಿಟ್ರ ಮನ್ಯಾಗ ಹಿಟ್ಟು ಕಡಿಮಿ ಬೀಳ್ತದ ಅಂತಾಳ ನಮ್ಮವ್ವ" ಎಂದು ಗುರುನಾಥ ಹೇಳಿದ್ದು ನನಗೆ ಹಿಡಿಸಿತ್ತು. ದಿನಚರಿಯಲ್ಲಿ ಬರೆದುಕೊಂಡಿದ್ದೆ.

ಆ ಭಾನುವಾರ ಪರೀಕ್ಷೆ ಹತ್ತಿರ ಬಂದಿದ್ದರಿಂದ ಮಾಸ್ತರರು ಹೊಸ ಪತ್ರಿಕೆಯನ್ನು ನಾನು ನೋಡುವ ಮೊದಲೇ ಹಂಚಿಸಿದರು. "ಹುಡುಗ್ರು ಓದ್ಲಿಕ್ಕೆ ಸುರು ಮಾಡ್ಲಿ. ತಪ್ಪು ಇದ್ರ ಮುಂದಿನ ವಾರ ತಿದ್ದಿ ಹೇಳೋಣು" ಎಂದರು. ಗುರುನಾಥ ಹಾಳೆ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಳ್ಳುತ್ತ, ಬರುವ ಗುರುವಾರ ಮಧ್ಯಾಹ್ನ ತಮ್ಮೂರಿನ ನದಿ ಪಂಪಿನ ಕೇಬಲ್ಲನ್ನು ತಾನೇ ಪರೀಕ್ಷೆ ಮಾಡುವುದಾಗಿ ಹೇಳಿದ. ಅಲ್ಲಿನ ಗುತ್ತಿಗೆದಾರ ಅವನ ಕೈಕೆಲಸ ನೋಡಿ ಕಾಯಂ ಇಟ್ಟುಕೊಳ್ಳುತ್ತೇನೆ ಎಂದಿದ್ದನಂತೆ. "ಈ ಹಾಳ್ಯಾಗ ಬರ್ದಂಗ ಮಾಡ್ತೇನಿ ನೋಡು, ಒಂದು ಹೆಜ್ಜಿ ಆಚೀಚಿ ಆಗಂಗಿಲ್ಲ" ಎಂದ.

ಗುರುವಾರ ಬೆಳಿಗ್ಗೆ ನಾನು ಆ ಹಾಳೆ ತಿದ್ದಲು ಕೂತೆ. ಒಂದು ಪ್ರಶ್ನೆ ಹೀಗಿತ್ತು: ಉದ್ದ ಕೇಬಲ್ಲನ್ನು ಮೆಗ್ಗರಿನಿಂದ ಪರೀಕ್ಷಿಸಿದ ಕೂಡಲೇ ಏನು ಮಾಡಬೇಕು? ಉತ್ತರ: ಹಿಡಿಕೆ ನಿಲ್ಲಿಸಿ, ಜೋಡಿಸಿದ ತಂತಿಗಳನ್ನು ಕೈಯಿಂದ ಬಿಚ್ಚಬೇಕು. ಓದಿದಾಗ ತಪ್ಪೆನಿಸಲಿಲ್ಲ, ಸರಿಯೆಂದೂ ಎನಿಸಲಿಲ್ಲ. ಅನುಮಾನ ಬಂದ ಉತ್ತರವನ್ನು ಮಾಡಿ ನೋಡುವುದು ನನ್ನ ಪದ್ಧತಿ. ಪಕ್ಕದ ಅಂಗಡಿಯವರ ಒಂದು ದೊಡ್ಡ ಉರುಳೆ ಕೇಬಲ್ ನಮ್ಮ ಅಂಗಳದಲ್ಲೇ ಬಿದ್ದಿತ್ತು. ಮೆಗ್ಗರ್ ಜೋಡಿಸಿದೆ, ಮನಸ್ಸಿನಲ್ಲೇ ಬೀಸುವ ಪದ ಹೇಳಿಕೊಂಡು ತಿರುಗಿಸಿದೆ, ನಿಲ್ಲಿಸಿದೆ, ಹಾಳೆಯಲ್ಲಿ ಇದ್ದಂತೆ ತಂತಿಗೆ ಕೈ ಹಾಕಿದೆ.

ಯಾರೋ ಮೊಣಕೈಗೆ ಒದ್ದಂತಾಯಿತು. ಕಣ್ಣು ಬಿಟ್ಟಾಗ ನಾನು ನೆಲದ ಮೇಲೆ ಕೂತಿದ್ದೆ.

ಚಹಾ ಹಿಡಿದು ಬಂದ ಮಾಸ್ತರರು, "ಯಾಕಪ್ಪ ಚಂದ್ರು, ಅಲ್ಲಿ ಯಾಕ ಕುಂತಿ?" ಎಂದರು.

"ಉತ್ತರ ತಪ್ಪದರಿ."

ಅವರು ಹಾಳೆ ಓದಿದರು. ಅವರ ಮುಖ ಇಳಿದುಹೋಯಿತು. ಹಿಂದಿನ ವರ್ಷ ಅದೇ ಜಾಗದಲ್ಲಿ ಮನೆಯೊಳಗಿನ ಮೊಳದುದ್ದದ ವೈರಿನ ಪ್ರಶ್ನೆ ಇತ್ತು. ಅದಕ್ಕೆ ಆ ಉತ್ತರ ನಡೆಯುತ್ತಿತ್ತು. ಈ ಸಲ ಪ್ರಶ್ನೆ ಬದಲಾಗಿತ್ತು, ಉತ್ತರ ಹಳೆಯದೇ ಉಳಿದಿತ್ತು. ಉದ್ದ ಕೇಬಲ್ಲಿನಲ್ಲಿ ಹಿಡಿಕೆ ನಿಂತ ಮೇಲೂ ಕರೆಂಟು ಮಲಗಿರುತ್ತದೆ. ಮೊದಲು ಭೂಮಿಗೆ ಹುಗಿದ ತಂತಿಯನ್ನು ಮುಟ್ಟಿಸಿ ಅದನ್ನು ಇಳಿಸಬೇಕು.

"ಜೀವ ತೆಗ್ಯೂವಂಥಾದ್ದಲ್ಲ ಬಿಡು. ಒಂದು ಝಟಕಾ ಅಷ್ಟೇ" ಎಂದರು ಮಾಸ್ತರರು, ತಮಗೇ ಧೈರ್ಯ ಹೇಳಿಕೊಂಡಂತೆ.

"ನಾ ಅಂಗಳದಾಗ ಬಿದ್ದೇನ್ರಿ ಸರ್. ಗುರುನಾಥ ಇವತ್ತು ಜಾಕ್‌ವೆಲ್ ಮ್ಯಾಲ ನಿಂತಿರ್ತಾನ."

ಜಾಕ್‌ವೆಲ್ ಎಂದರೆ ನದಿಯೊಳಗೆ ಕಟ್ಟಿದ ಆಳದ ಬಾವಿ. ಪಂಪು ಅದರ ಮೇಲಿರುತ್ತದೆ. ಅವರೂರಿನದರ ಅಂಚಿಗೆ ಇನ್ನೂ ತಡೆಕಂಬಿ ಕಟ್ಟಿಲ್ಲ ಎಂದು ಗುರುನಾಥನೇ ಹೇಳಿದ್ದ. ಮಾಸ್ತರರು ಚಹಾದ ಕಪ್ಪು ಕಿಟಕಿಯಲ್ಲಿಟ್ಟು, "ಹೋಗಪ್ಪ, ಜಲ್ದಿ ಹೋಗು" ಎಂದಷ್ಟೇ ಅಂದರು. ಅವನ ಊರಿಗೆ ಫೋನು ಇರಲಿಲ್ಲ.

ಕಲಬುರ್ಗಿಗೆ ಹೋಗಿ ಬಸ್ಸು ಬದಲಿಸಿದೆ. ಅಫಜಲಪುರದ ಬಸ್ಸಿನಲ್ಲಿ ಬಾಗಿಲ ಹತ್ತಿರವೇ ನಿಂತುಕೊಂಡೆ. "ಸೀಟು ಖಾಲಿ ಅವಲ್ರಿ, ಯಾಕ ನಿಂತೀರಿ?" ಎಂದು ಕಂಡಕ್ಟರ್ ಕೇಳಿದ.

"ಕುಂತ್ರ ಬಸ್ಸು ಸಾವಕಾಶ ಹೋದಂಗ ಆಗ್ತದ್ರಿ."

"ಹಂಗಾದ್ರ ಎಲ್ಲಾರೂ ನಿಂದರ್ರಿ ಅಂತೇನಿ, ಸೊಲ್ಲಾಪುರತನಕ ಹಾರಿ ಹೋಗೋಣು" ಎಂದು ಅವನು ನಕ್ಕು ಟಿಕೆಟ್ ಹರಿದ.

ಹೊರಗೆ ಜೋಳದ ರಾಶಿ ಮುಗಿದ ಕಪ್ಪು ಹೊಲಗಳು. ಬಿಸಿಲಿನಲ್ಲಿ ರಸ್ತೆಯ ತುದಿ ನೀರಿನಂತೆ ಹೊಳೆಯುತ್ತಿತ್ತು; ಬಸ್ಸು ಹತ್ತಿರ ಹೋದರೆ ಅದು ಇನ್ನೂ ಮುಂದೆ ಹರಿದುಹೋಗುತ್ತಿತ್ತು. ಕೈಯಲ್ಲಿ ಇನ್ನೂ ಝುಮುಝುಮು ಉಳಿದಿತ್ತು. ಎಂಜಿನ್ನಿನ ಸದ್ದು ಬೀಸುವ ಕಲ್ಲಿನ ಸದ್ದಾಯಿತು. ಕಿಟಕಿಯ ದೂಳೆಲ್ಲ ಹಿಟ್ಟಾಗಿ ಉದುರುತ್ತಿದೆ ಎನಿಸಿತು. ನಿಂತಲ್ಲೇ ಒಂದು ಕ್ಷಣ ಕಣ್ಣು ಹತ್ತಿತೋ ಏನೋ. ಆ ಬಿಳಿ ಹಿಟ್ಟಿನೊಳಗೆ ಗುರುನಾಥ ಬೆನ್ನು ಮಾಡಿ ಕೂತಿದ್ದ, ನಾನು ಕರೆಯುತ್ತಿದ್ದೆ, ನನ್ನ ಬಾಯಿಂದ ದನಿಯೇ ಬರುತ್ತಿರಲಿಲ್ಲ. "ಅಫಜಲಪೂರ, ಅಫಜಲಪೂರ!" ಎಂದು ಕಂಡಕ್ಟರ್ ಕೂಗಿದಾಗ ಎಚ್ಚರವಾಯಿತು.

ಅಲ್ಲಿಂದ ಒಂದು ಟೆಂಪೋ ಹಿಡಿದು ಹಳ್ಳಿ ಸೇರಿದೆ. ಗುರುನಾಥನ ಮನೆಯ ಕಟ್ಟೆಯ ಮೇಲೆ ಅವನ ಅವ್ವ ನೀಲವ್ವ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತಿದ್ದರು.

"ಯವ್ವಾ, ಗುರುನಾಥ ಎಲ್ಲಿ ಹೋಗ್ಯಾನ್ರಿ? ನಾ ಜೇವರ್ಗಿ ಟ್ಯುಟೋರಿಯಲ್‌ದಾಗ ಇರ್ತೇನ್ರಿ, ಚಂದ್ರು."

"ನೀನೇನಪ್ಪ ಅಂವ ಹೇಳೋ ಚಂದ್ರಣ್ಣ! ಅಗೋ, ಹೊಳಿ ಕಡಿ ಕಿವಿಗೊಡು. ನನ್ನ ಮಗ ಬೀಸಾಕತ್ತಾನ" ಎಂದು ಅವರು ನಕ್ಕರು. "ಬಾ, ಮದ್ಲ ನೀರರೆ ಕುಡಿ."

ಗಾಳಿಯಲ್ಲಿ ತೇಲಿಕೊಂಡು ಬರುತ್ತಿತ್ತು ಆ ಪದ. ತಂತಿ ಜೋಡಿಸುವಾಗಲೂ ಅದನ್ನೇ ಹಾಡಿಕೊಳ್ಳುವ ರೂಢಿ ಅವನದು. ಬಂದು ಕುಡಿಯುತ್ತೇನೆ ಎಂದವನೇ ಓಡಿದೆ.

ದಂಡೆಯ ಮೇಲಿಂದ ನದಿ ಕಂಡಿತು. ಬೇಸಿಗೆಯ ಭೀಮೆ ಅಲ್ಲಲ್ಲಿ ಮರಳು ತೋರಿಸಿಕೊಂಡು ಅರೆನಿದ್ದೆಯಲ್ಲಿದ್ದಳು. ಬೆಳ್ಳಕ್ಕಿಗಳು ಒಂಟಿಕಾಲಲ್ಲಿ ನಿಂತಿದ್ದವು. ದೂರದಲ್ಲಿ ಜಾಕ್‌ವೆಲ್, ಅದಕ್ಕೆ ಹೋಗಲು ಕಿರಿದಾದ ಕಾಲುಸೇತುವೆ. ಮೇಲೆ, ಅಂಚಿನಲ್ಲಿ, ಬಾವಿಯ ಬಾಯಿಗೆ ಮುಖ ಮಾಡಿ ಗುರುನಾಥ ಒಬ್ಬನೇ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ತೋಳು ತಿರುಗುತ್ತಿತ್ತು.

"ಗುರುನಾಥಾ! ತಂತಿ ಮುಟ್ಟಬ್ಯಾಡ!" ಎಂದು ಕೂಗಿದೆ.

ಅವನು ಹಿಂತಿರುಗಲಿಲ್ಲ. ಖಾಲಿಯಿದ್ದ ಕೈಯನ್ನು ಮೇಲೆತ್ತಿ, ಬಂದೆಯಾ, ಬಾ ಎಂಬಂತೆ ಬೀಸಿದ. ನದಿಯ ಗಾಳಿ ನನ್ನ ಮಾತನ್ನು ಒಡೆದು ಬರೀ ದನಿಯನ್ನು ಅವನಿಗೆ ಮುಟ್ಟಿಸಿತ್ತು. ಇನ್ನೂ ಅರ್ಧ ದಂಡೆ ಉಳಿದಿತ್ತು. ಅವನು ಪದದ ಕೊನೆಯ ಸಾಲಿಗೆ ಬಂದಿದ್ದ. ಸಾಲು ಮುಗಿದರೆ ಹಿಡಿಕೆ ನಿಲ್ಲುತ್ತದೆ, ಹಿಡಿಕೆ ನಿಂತರೆ ಕೈ ತಂತಿಗೆ ಹೋಗುತ್ತದೆ. ಹಾಳೆಯಲ್ಲಿ ಬರೆದಂತೆ, ಒಂದು ಹೆಜ್ಜೆ ಆಚೀಚೆ ಇಲ್ಲದೆ.

ನಾನು ಹಾಡಿದವನಲ್ಲ. ಶಾಲೆಯ ಪ್ರಾರ್ಥನೆಯಲ್ಲೂ ಬಾಯಿ ಆಡಿಸಿದವನಷ್ಟೇ. ಆದರೆ ಆ ಕ್ಷಣ ಯಾರೋ ನನ್ನೊಳಗೆ ಕೂತು ಎತ್ತಿಸಿದರು. ಓಡುತ್ತಲೇ, ಎದೆ ಬಿರಿಯುವಂತೆ, ಪದವನ್ನು ಮೊದಲಿನಿಂದ ಎತ್ತಿದೆ.

"ಬಿಳಿಜೋಳ ಬೀಸಿದರ..."

ಮಾತು ತಲುಪದ ಕಡೆ ರಾಗ ತಲುಪಿತು. ನಿಧಾನವಾಗುತ್ತಿದ್ದ ಗುರುನಾಥನ ತೋಳು ನಿಲ್ಲಲಿಲ್ಲ. ಅರೆಗಳಿಗೆ ತಡೆದು, "...ಬೆಳದಿಂಗಳ ಉದರತದ" ಎಂದು ಅವನ ದನಿ ನೀರಿನ ಮೇಲಿಂದ ಬಂತು. ಪದ ಎತ್ತಿದ ಮೇಲೆ ಕೈ ಬಿಡುವಂತಿಲ್ಲವಲ್ಲ. ನಾನು ಒಂದು ಸಾಲು, ಅವನು ಒಂದು ಸಾಲು. ಕಾಲಡಿಯ ಮರಳು ನನ್ನ ಹೆಜ್ಜೆಗಳನ್ನು ಹಿಂದಕ್ಕೆ ಎಳೆಯುತ್ತಿತ್ತು. ಬೆಳ್ಳಕ್ಕಿಗಳು ಎದ್ದು ಒಂದು ಸುತ್ತು ಹಾರಿ ಮತ್ತೆ ಕೂತವು. ನಾನು ಓಡುತ್ತಿದ್ದೆನೋ, ಆ ಪದವೇ ನನ್ನನ್ನು ಎತ್ತಿಕೊಂಡು ಹೋಗುತ್ತಿತ್ತೋ, ಇವತ್ತಿಗೂ ಹೇಳಲಾರೆ.

ಕಾಲುಸೇತುವೆ ದಾಟಿ ಅವನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದೆ. "ಈಗ ನಿಲ್ಸು. ಆದ್ರ ತಂತಿಗೆ ಕೈ ಹಚ್ಚಬ್ಯಾಡ" ಎಂದೆ.

"ಏನು ದನಿನೋ ಚಂದ್ರಣ್ಣ ನಿಂದು! ಕಾಗಿ ಗಂಟಲಾಗ ಜ್ವಾಳದ ಕಣಿಕಿ ಸಿಕ್ಕಂಗ ಅದ!" ಎಂದು ಅವನು ನಗುತ್ತಲೇ ಇದ್ದ.

ನಾನು ಪಕ್ಕದಲ್ಲಿದ್ದ ಭೂಮಿಯ ತಂತಿಯನ್ನು ಒಂದು ಒಣ ಬಿದಿರುಕೋಲಿನ ತುದಿಗೆ ಸುತ್ತಿ ಕೇಬಲ್ಲಿನ ತುದಿಗೆ ಮುಟ್ಟಿಸಿದೆ. ಚಟ್ ಎಂದು ನೀಲಿ ಕಿಡಿಯೊಂದು ಹಾರಿತು. ಆ ಬಿಸಿಲಿನಲ್ಲೂ ಕಂಡಿತು.

ಗುರುನಾಥನ ನಗು ನಿಂತಿತು. ಅವನು ಕಿಡಿ ಹಾರಿದ ಜಾಗ ನೋಡಿದ, ತನ್ನ ಅಂಗೈ ನೋಡಿಕೊಂಡ, ಆಮೇಲೆ ಬಾವಿಯೊಳಗೆ ಬಗ್ಗಿ ನೋಡಿದ. ಕೆಳಗೆ ಬಹಳ ಆಳದಲ್ಲಿ ಕಪ್ಪು ನೀರು ನಮ್ಮಿಬ್ಬರ ತಲೆಗಳನ್ನು ತೋರಿಸುತ್ತಿತ್ತು. ಮೆಲ್ಲಗೆ ಅಂಚಿನಿಂದ ಹಿಂದೆ ಸರಿದು ನನ್ನ ಪಕ್ಕ ಕೂತ.

"ಹಾಳ್ಯಾಗ ಹಂಗ ಇತ್ತಲ್ಲಣ್ಣಾ" ಎಂದ.

"ಹಾಳಿ ತಪ್ಪಿತ್ತು. ಅದನ್ನ ಹೇಳಾಕ ಬಂದೇನಿ."

ಅವನು ಕೇಬಲ್ಲಿನ ಕಡೆ ನೋಡುತ್ತ ಯೋಚಿಸಿದ. "ಬೀಸೂದು ನಿಲ್ಸಿದ ಮ್ಯಾಲೂ ಹಿಟ್ಟು ಬಿಸಿ ಇರ್ತದಲ್ಲ, ಹಂಗೇನು?" ಎಂದು ಕೇಳಿದ.

"ಹೂಂ, ಹಂಗೇ."

"ಹಂಗಾದ್ರ ತಿರುಗಿಸೂಮುಂದ ಒಮ್ಮಿ ಹಾಡೂದು, ಭೂಮಿಗಿ ಇಳಿಸೂಮುಂದ ಮತ್ತ ಹಾಡೂದು. ಈಗ ನಾವು ಮಾಡಿದಂಗ."

ಮಾದರಿ ಪತ್ರಿಕೆಗೆ ಅದಕ್ಕಿಂತ ಒಳ್ಳೆಯ ತಿದ್ದುಪಡಿ ನನಗೂ ಹೊಳೆದಿರಲಿಲ್ಲ. ಗುತ್ತಿಗೆದಾರ ಊಟ ಮುಗಿಸಿ ಬಂದಾಗ ಗುರುನಾಥ ಎರಡನೇ ಕೇಬಲ್ಲನ್ನು ತಾನೇ ಪರೀಕ್ಷಿಸಿ, ಕೋಲು ಹಿಡಿದು, ಗುನುಗುತ್ತ ನಿಂತಿದ್ದ.

ಸಂಜೆ ಮನೆಗೆ ಹೋದೆವು. ನಡೆದದ್ದನ್ನು ಗುರುನಾಥನೇ ಅವ್ವನಿಗೆ ಹೇಳಿದ, ಅರ್ಧ ನಗಿಸುತ್ತ, ನನ್ನ ಕಾಗೆ ದನಿಯನ್ನು ಅಣಕಿಸುತ್ತ. ರೊಟ್ಟಿ ಬಡಿಯುತ್ತಿದ್ದ ನೀಲವ್ವ ನಗಲಿಲ್ಲ. ಎದ್ದು ಬಂದು, ಹಿಟ್ಟಿನ ಕೈಯನ್ನು ಹಾಗೆಯೇ ಮಗನ ತಲೆಯ ಮೇಲಿಟ್ಟು ಸವರಿದರು. ಅವನ ಕರಿಗೂದಲೆಲ್ಲ ಬೆಳ್ಳಗಾಯಿತು. ದೀಪದ ಬೆಳಕಿನಲ್ಲಿ ಒಂದು ಕ್ಷಣ ಗುರುನಾಥ ಮುದುಕನಾಗಿ, ಮೊಮ್ಮಕ್ಕಳನ್ನು ಕಂಡವನಾಗಿ ನನ್ನೆದುರು ಕೂತಂತೆ ಕಂಡ.

"ಹಿಂಗ ಬೆಳ್ಳಗಾಗೋತನಕ ಇರಪ್ಪ" ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, "ಮುಂಜಾನಿ ನೀರೂ ಕುಡೀಲಾರದ ಓಡಿದಿ. ಕುಡಿ ಈಗ" ಎಂದು ತಂಬಿಗೆ ಮುಂದಿಟ್ಟರು. ಬಿಸಿಲಿನ ಹೊತ್ತೆಲ್ಲ ಅವರ ಪಾಲಿಗೆ ಮುಂಜಾನೆಯೇ ಆಗಿತ್ತು.

ತಿದ್ದಿದ ಹಾಳೆ ಆ ವಾರವೇ ಮೂರೂ ತಾಲ್ಲೂಕಿನ ಹುಡುಗರಿಗೆ ಹೋಯಿತು. ಗುರುನಾಥ ಪರೀಕ್ಷೆಯಲ್ಲಿ ಕೇಬಲ್ ಪರೀಕ್ಷಿಸಿ, ಭೂಮಿಯ ತಂತಿ ಮುಟ್ಟಿಸಿಕೊಂಡು ನಿಂತಾಗ, "ಮುಗೀತಲ್ಲ, ಯಾಕ ನಿಂತಿ?" ಎಂದು ಪರೀಕ್ಷಕರು ಕೇಳಿದರಂತೆ. "ಇನ್ನೊಂದು ಪದ ಉಳದದ್ರಿ" ಎಂದನಂತೆ ಅವನು.

ಇದಾಗಿ ಎರಡು ವರ್ಷವಾಯಿತು. ಈಗಲೂ ನಾನು ಉತ್ತರಗಳನ್ನು ತಿದ್ದುತ್ತೇನೆ. ಕೆಂಪು ಶಾಯಿಯಲ್ಲಿ ಒಂದು ಸಾಲು ಹೊಡೆಯುವಾಗಲೆಲ್ಲ ಆ ಸಾಲಿನಾಚೆ ಯಾರೋ ಒಬ್ಬ ಬೆನ್ನು ಮಾಡಿ ಕೂತಿದ್ದಾನೆ ಎನಿಸುತ್ತದೆ, ಅವನ ತಲೆಯ ಮೇಲೆ ಹಿಟ್ಟಿನ ಕೈಯೊಂದು ಕಾಣಿಸುತ್ತದೆ. ಆಗ ಪೆನ್ನು ಕೆಳಗಿಟ್ಟು, ಅದೇ ಪ್ರಶ್ನೆಯನ್ನು ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತೇನೆ.